ಕೋಟಿಗೆ ಹದಿನೈದು ರೂಪಾಯಿ

ಡಾಕ್ಟ್ರ ಕೋಟು ವಾರಕ್ಕೆ ಆರು.
ಒಂದಕ್ಕೆ ಹದಿನೈದು.
ತೋಳಿನ ಗೆರೆ ಕತ್ತಿಯಂಗಿರಬೇಕು,
ಕಾಲರಿಗೆ ಗಂಜಿ ಬ್ಯಾಡ, ಕುತ್ತಿಗೆ ಕೆರೀತೈತೆ.
ಒಂಬತ್ತು ವರ್ಷದಲ್ಲಿ ನಮ್ಮಿಬ್ಬರ ಮಾತು ಇಷ್ಟೇ.

ನಿಟ್ಟುವಳ್ಳಿ ಮೂರನೇ ಕ್ರಾಸು,
ಬೇವಿನ ಮರದ ಕೆಳಗೆ ನನ್ನ ಗಾಡಿ.
ಜೇಬು ತಡಕದೆ ಇಸ್ತ್ರಿ ಪೆಟ್ಟಿಗೆ ಇಡೋಳಲ್ಲ ನಾನು.
ಪೆನ್ನಿನ ಟೊಪ್ಪಿಗೆ, ಹತ್ತಿ ಉಂಡೆ,
ಒಂದ್ಸಲ ಕಾಗದದಲ್ಲಿ ಸುತ್ತಿದ ಹಾಲುಹಲ್ಲು.
ಜಿಲ್ಲಾಸ್ಪತ್ರೆಯ ಹಳದಿ ಚೀಟಿ, ನರ್ಸಿಂಗ್ ಹೋಮಿನ ಬಿಲ್ಲು
ಒಂದೇ ಜೇಬಲ್ಲಿ, ಒಂದೇ ಬೆವರಿಗೆ ಮೆತ್ತಗಾಗಿ
ಅಂಟಿಕೊಂಡಿರ್ತಾವೆ.

ಪಿತ್ತಕೋಶದಲ್ಲಿ ಐದು ಕಲ್ಲು ಅಂದ ಸ್ಕ್ಯಾನಿನ ಹುಡುಗ.
ಅಣ್ಣೆಕಲ್ಲು ಆಡೋಕೆ ಲೆಕ್ಕ ಸರಿ.

ಡಾಕ್ಟ್ರು ಫಿಲ್ಮು ಬೆಳಕಿಗೆ ಹಿಡಿದರು.
ನಾನು ಅವರ ತೋಳಿನ ಗೆರೆ ನೋಡ್ತಾ ಕೂತೆ.
"ಕೊಟ್ರಮ್ಮ, ಸಂಜೆ ಆಸ್ಪತ್ರೆಗೆ ಬಂದ್ರೆ ಶುಕ್ರವಾರವೇ ಮಾಡ್ತೀನಿ.
ಅರವತ್ತೈದು ಸಾವಿರ. ನನ್ನ ಫೀಜು ನಾನು ಬಿಡಬಹುದು,
ಅವರು ರೂಮಿನದು ಬಿಡೋದಿಲ್ಲ, ಅದನ್ನೂ ಸೇರಿಸಿಯೇ ಹೇಳಿದ್ದು.
ಬೆಳಿಗ್ಗೆ ಆಸ್ಪತ್ರೆಗೆ ಬಂದ್ರೆ ಪಾಳಿ.
ಐದು ವಾರ. ಆರೂ ಆಗಬಹುದು."
"ಕೈ?" ಅಂದೆ.
"ಕೈ ಇದೇ" ಅಂದ್ರು.

ನನ್ನ ಗಂಡ ಮಾಚಪ್ಪಗೆ ಸರ್ಕಾರಿ ಅಂದ್ರೆ ಅವರವ್ವ:
ವರಾಂಡದ ನೆಲ, ಗೋಡೆ ಮೊಳೆಗೆ ತೂಗಿದ ಗ್ಲೂಕೋಸು,
ಬಾಟ್ಲಿ ಮುಗಿಯೋ ಮೊದಲೇ ಮುಗಿದ ಅವ್ವ.
"ಚೀಟಿ ಕೂಗಿ ಎತ್ತುತೀನಿ, ಲುಕ್ಸಾನಾದ್ರೆ ಆಗ್ಲಿ" ಅಂದ.
ಎದುರು ಮನೆ ದುರುಗಮ್ಮಂದು ಬೇರೆ ಕತೆ:
ಎಸಿ ರೂಮು, ಮೂರು ಹೊತ್ತು ಸಿಸ್ಟರು, ಜೀವ ಉಳೀತು.
ಹೊಲಿಗೆ ಮಾಗಿ ನಾಲ್ಕು ವರ್ಷ ಆಯ್ತು,
ಮನೆ ಪತ್ರ ಇನ್ನೂ ಫೈನಾನ್ಸಿನ ಬೀರುವಿನಲ್ಲಿ.
ಇಬ್ಬರದೂ ಸುಳ್ಳಲ್ಲ. ಅದೇ ಕಷ್ಟ.

ರಾತ್ರಿ ಮಗಳನ್ನ ಕೇಳಿದೆ,
ಅರವತ್ತೈದು ಸಾವಿರಕ್ಕೆ ಎಷ್ಟು ಕೋಟು?
ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ಭಾಗಿಸಿದಳು:
"ನಾಲ್ಕು ಸಾವಿರದ ಮುನ್ನೂರ ಮೂವತ್ಮೂರು ಅವ್ವ,
ಐದು ರೂಪಾಯಿ ಉಳೀತೈತೆ."
ವಾರಕ್ಕೆ ಆರರಂತೆ ಹದಿನಾಲ್ಕು ವರ್ಷ.
ವನವಾಸದ ಲೆಕ್ಕ.
ಬೆಳಿಗ್ಗೆ ರೇಷನ್ ಕಾರ್ಡಿನ ಜೆರಾಕ್ಸು ಮಾಡಿಸಿದೆ.
ಧೈರ್ಯ ಅಂತ ಯಾರೂ ತಿಳ್ಕೊಬೇಡ್ರಿ.

ಮೂರನೇ ವಾರ, ನಡುರಾತ್ರಿ,
ಬೆನ್ನಿಗೆ ಹೊರಳಿತು ನೋವು, ಪಕ್ಕೆಯೊಳಗೆ ಕೆಂಡ.
ಆಟೋ ಹತ್ತಿದರೆ ಅಶೋಕ ರಸ್ತೆಯ ರೈಲ್ವೆ ಗೇಟು ಹಾಕೈತೆ.
ಗೂಡ್ಸು ಗಾಡಿ. ಮುಗಿಯೋದೇ ಇಲ್ಲ.
ಮಾಚಪ್ಪ ನನ್ನ ಮುಖ ನೋಡದೆ ಡಬ್ಬಿ ಎಣಿಸ್ತಿದ್ದ.
ಆ ಹೊತ್ತಿಗೆ ಯಾರಾದರೂ ಬಂದು ಕೇಳಿದ್ದರೆ
ಗಾಡಿ, ಓಲೆ, ಮಗಳ ಕಾಲೇಜು ಫೀಜು
ಎಲ್ಲಾ ಅಲ್ಲೇ ಹಳಿ ಮೇಲೆ ಸುರಿದು
"ಸಂಜೆ ಆಸ್ಪತ್ರೆಗೇ ನಡೀರಿ" ಅಂತಿದ್ದೆ.
ಯಾರೂ ಕೇಳಲಿಲ್ಲ.
ಗೇಟು ಎತ್ತಿದರು. ಇಂಜೆಕ್ಷನ್ ಕೊಟ್ಟರು.
ಬೆಳಗಾದ ಮೇಲೆ ಮತ್ತೆ ಅದೇ ಪಾಳಿ, ಅದೇ ನಂಬರು.

ಆರನೇ ವಾರದ ಬುಧವಾರ ಆಯ್ತು.
ಕಲ್ಲು ಐದಲ್ಲ, ಆರು.
ಮಗಳು ಎರಡು ಸಲ ಎಣಿಸಿದಳು.
ಇಪ್ಪತ್ತೆರಡನೇ ಮಂಚ, ಫ್ಯಾನು ಕಿರುಗುಟ್ಟುತ್ತಾ ತಿರುಗ್ತಿತ್ತು,
ಬಾಗಿಲ ಕಡೆ ಫಿನಾಯಿಲಿನ ವಾಸನೆ,
ಪಕ್ಕದ ಮಂಚದ ಹರಪನಹಳ್ಳಿ ಮುದುಕಿ
ರಾತ್ರಿಯೆಲ್ಲಾ ಮೊಮ್ಮಗಳ ಹೆಸರು ಕೂಗಿ
ಬೆಳಗಿನ ಜಾವ ಸುಮ್ಮನಾದಳು. ಮಂಚ ಖಾಲಿ ಮಾಡಿದರು.
ಮಾಚಪ್ಪ ಗೋಡೆಯ ಮೊಳೆ ಹುಡುಕ್ತಿದ್ದ. ಇರಲಿಲ್ಲ,
ಕಬ್ಬಿಣದ ಸ್ಟ್ಯಾಂಡಿತ್ತು.

ಒಂಬತ್ತಕ್ಕೆ ಡಾಕ್ಟ್ರು ಬಂದ್ರು.
ತೋಳಿನಲ್ಲಿ ಗೆರೆ ಇಲ್ಲ, ಜೇಬಿನ ಅಂಚು ಸುಕ್ಕು,
ಯಾರೋ ಕಾಲರಿಗೆ ಗಂಜಿ ಹಾಕಿಬಿಟ್ಟಿದ್ದಾರೆ.
"ಪೆಟ್ಟಿಗೆ ಒಂದು ತಿಂಗಳು ಮುಟ್ಟಬಾರದು, ಕೊಟ್ರಮ್ಮ"
ಅಂದ್ರು, ಕುತ್ತಿಗೆ ಕೆರ್ಕೊಳ್ತಾ.